ನಿಯಮಗಳ ಮೇಲೊಂದು ಕಣ್ಣು

ರೇಡಿಯೋ ಇದ್ದ ಮನೆಗಳ ಹಿರಿಯರಿಗೆ ಒಂದು ಸಂಗತಿ ನೆನಪಿರಬಹುದು. ಹಿಂದೆ ರೇಡಿಯೋ ಕೊಂಡು ತಂದರೆ ಸಾಲದಾಗಿತ್ತು. ಅಂಚೆ ಕಚೇರಿಗೆ ಹೋಗಿ ಅದಕ್ಕೆ ಲೈಸೆನ್ಸು ಮಾಡಿಸಬೇಕಾಗಿತ್ತು. ಸಣ್ಣದೊಂದು ಪುಸ್ತಕ; ವರ್ಷ ವರ್ಷವೂ ಹಣ ಕಟ್ಟಿ ಅದರಲ್ಲಿ ಅಂಚೆಯವರ ಮುದ್ರೆ ಒತ್ತಿಸಿಕೊಂಡು ಬರುವುದು ಮನೆಯ ಯಜಮಾನನ ಕೆಲಸಗಳಲ್ಲೊಂದಾಗಿತ್ತು. 1980ರ ದಶಕದಲ್ಲಿ ಈ ಪದ್ಧತಿಯನ್ನು ಕೈಬಿಡುವವರೆಗೆ ಲಕ್ಷಾಂತರ ಮನೆಗಳು ಈ ಹಣವನ್ನು ತೆತ್ತವು. ಆ ಶುಲ್ಕ ಇಷ್ಟು ಎಂದು ಗೊತ್ತುಮಾಡಿದವರು ಯಾರು? ‘ಇನ್ನಾರು, ಕಾಯಿದೆ ಮಾಡಿದವರು’ ಎಂದು ನೀವು ಥಟ್ಟನೆ ಹೇಳಬಹುದು. ಆದರೆ 1933ರ ನಿಸ್ತಂತು ತಂತಿ ಕಾಯಿದೆಯನ್ನು ತೆರೆದು ನೋಡಿದ್ದರೆ ಆ ಅಂಕಿ ನಿಮಗೆ ಸಿಕ್ಕುತ್ತಿರಲಿಲ್ಲ. ಲೈಸೆನ್ಸಿಲ್ಲದೆ ಇಂಥ ಯಂತ್ರವನ್ನು ಯಾರೂ ಇಟ್ಟುಕೊಳ್ಳಕೂಡದು ಎಂದಷ್ಟೇ ಕಾಯಿದೆ ಹೇಳಿತ್ತು. ಲೈಸೆನ್ಸಿನ ನಮೂನೆ ಯಾವುದು, ಶುಲ್ಕವೆಷ್ಟು, ಷರತ್ತುಗಳೇನು ಎಂಬುದನ್ನೆಲ್ಲ ಸರಕಾರ ರಚಿಸುವ ನಿಯಮಗಳಿಗೆ ಬಿಟ್ಟುಕೊಟ್ಟಿತ್ತು.

ರೇಡಿಯೋವಿನ ಲೈಸೆನ್ಸು ಹೋಯಿತು. ಆ ಕ್ರಮ ಮಾತ್ರ ಉಳಿದಿದೆ, ಬೆಳೆದಿದೆ. ನಿಮ್ಮ ಮಗ ಮೋಟಾರು ಸೈಕಲ್ಲು ನಡೆಸಲು ಪಡೆಯುವ ಪರವಾನಗಿಗೆ 1988ರ ಕಾಯಿದೆ ಆಧಾರ. ಅರ್ಜಿಯ ನಮೂನೆ, ಶುಲ್ಕ, ಪರೀಕ್ಷೆಯ ಕ್ರಮ ಎಲ್ಲವೂ ಇರುವುದು 1989ರ ನಿಯಮಗಳಲ್ಲಿ. ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿ. ತೂಕವೆಷ್ಟು, ಗರಿಷ್ಠ ಬೆಲೆಯೆಷ್ಟು, ತಯಾರಿಸಿದವರು ಯಾರು ಎಂದು ಅಚ್ಚು ಹಾಕಿರುವುದು ಅಂಗಡಿಯವನ ಸೌಜನ್ಯದಿಂದಲ್ಲ. 2011ರ ನಿಯಮಗಳು ಹಾಗೆಂದು ವಿಧಿಸಿವೆ. ಕಾಯಿದೆ ದೂರದ ಬೆಟ್ಟ. ನಮ್ಮ ಕಾಲಿಗೆ ತಗಲುವ ಕಲ್ಲುಗಳೆಲ್ಲ ನಿಯಮಗಳೇ.

ಕಾಯಿದೆಗೂ ನಿಯಮಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಮನಸ್ಸಿಗೆ ತಂದುಕೊಳ್ಳೋಣ. ಕಾಯಿದೆ ಹುಟ್ಟುವುದು ಶಾಸನಸಭೆಯಲ್ಲಿ, ಬಹಿರಂಗವಾಗಿ. ಮಸೂದೆಯನ್ನು ಮಂಡಿಸುತ್ತಾರೆ, ಅದರ ಮೇಲೆ ಚರ್ಚೆ ನಡೆಯುತ್ತದೆ, ವಿರೋಧಿಸುವವರು ವಿರೋಧಿಸುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ನಿಯಮ ಹುಟ್ಟುವುದಾದರೋ ಇಲಾಖೆಯ ಕೋಣೆಯಲ್ಲಿ. ಅಧಿಕಾರಿ ಕರಡು ಬರೆಯುತ್ತಾನೆ, ಮೇಲಿನವರು ತಿದ್ದುತ್ತಾರೆ, ಮಂತ್ರಿಗಳ ಒಪ್ಪಿಗೆ ಬೀಳುತ್ತದೆ, ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ. ಕಾಯಿದೆಯ ಹೊಟ್ಟೆಯಲ್ಲಿ ಹುಟ್ಟಿ ಅದರ ಅಧೀನದಲ್ಲಿ ಇರಬೇಕಾದದ್ದರಿಂದ ಇದಕ್ಕೆ ‘ಅಧೀನ ಶಾಸನ’ ಎಂದು ಹೆಸರು. ನಿಯಮ, ಉಪನಿಯಮ, ವಿನಿಯಮ, ಆದೇಶ, ಅಧಿಸೂಚನೆ ಎಂದು ಇದರ ವೇಷಗಳು ಹಲವು. ಆದರೆ ಅಧೀನವೆಂದ ಮಾತ್ರಕ್ಕೆ ಇದರ ಏಟು ಹಗುರವೆಂದು ತಿಳಿಯಬೇಡಿ. ನಮ್ಮ ಸಂವಿಧಾನದ 13ನೆಯ ಅನುಚ್ಛೇದ ‘ಕಾನೂನು’ ಎಂಬ ಮಾತಿನೊಳಗೆ ನಿಯಮ, ಉಪವಿಧಿ, ಅಧಿಸೂಚನೆಗಳನ್ನೂ ಸೇರಿಸಿಯೇ ಹೇಳಿದೆ. ನಿಯಮವನ್ನು ಮುರಿದವನೂ ದಂಡ ತೆರಬೇಕಾದೀತು, ಕೆಲವು ವೇಳೆ ಸೆರೆಮನೆಗೂ ಹೋಗಬೇಕಾದೀತು.

ಹಾಗಾದರೆ ಶಾಸನಸಭೆಯೇ ಎಲ್ಲವನ್ನೂ ಬರೆದರಾಗದೇ? ಆಗದು. ಔಷಧದ ಶುದ್ಧತೆಯನ್ನು ಅಳೆಯುವ ಬಗೆ, ಬಾಯ್ಲರಿನ ಉಕ್ಕಿನ ದಪ್ಪ, ಬರಗಾಲ ಬಂದಾಗ ಯಾವ ಜಿಲ್ಲೆಯಿಂದ ಯಾವ ಜಿಲ್ಲೆಗೆ ಧಾನ್ಯ ಸಾಗಿಸಬಹುದೆಂಬ ಕಟ್ಟಳೆ, ಇವನ್ನೆಲ್ಲ ನೂರಾರು ಸದಸ್ಯರ ಸಭೆ ಕುಳಿತು ತೀರ್ಮಾನಿಸಲು ವೇಳೆಯೂ ಇಲ್ಲ, ಎಲ್ಲರಿಗೂ ಆ ವಿಷಯದ ಪರಿಣತಿಯೂ ಇಲ್ಲ. ಮನೆಯ ಹಿರಿಯರು ಮದುವೆಗೆ ಇಷ್ಟು ಖರ್ಚೆಂದು ನಿಶ್ಚಯಿಸುತ್ತಾರೆ. ಹುಳಿಗೆ ಎಷ್ಟು ಬೇಳೆ ಎಂಬುದನ್ನು ಅಡಿಗೆಯವರಿಗೆ ಬಿಡುತ್ತಾರೆ. ಇದರಲ್ಲಿ ತಪ್ಪಿಲ್ಲ. ಆದರೆ ಅಡಿಗೆಯವರು ಬೇಳೆಯ ಲೆಕ್ಕವನ್ನು ಬಿಟ್ಟು ಮದುವೆಯ ದಿನವನ್ನೇ ಬದಲಾಯಿಸಿದರೆ? ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬಂತೆ, ಕಾಯಿದೆ ಕೊಟ್ಟ ಸೌಲಭ್ಯವನ್ನು ನಿಯಮ ಕಿತ್ತುಕೊಂಡರೆ? ಇದನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಲು ಲೋಕಕ್ಕೆ ನಾಲ್ಕು ಶತಮಾನ ಹಿಡಿಯಿತು.

ಇಂಗ್ಲೆಂಡಿನಲ್ಲಿ 1539ರಲ್ಲಿ ಎಂಟನೆಯ ಹೆನ್ರಿ ದೊರೆ ಪಾರ್ಲಿಮೆಂಟಿನಿಂದಲೇ ಒಂದು ಶಾಸನವನ್ನು ಮಾಡಿಸಿಕೊಂಡ. ತನ್ನ ಮಂತ್ರಾಲೋಚಕರ ಸಲಹೆ ಪಡೆದು ತಾನು ಹೊರಡಿಸುವ ಘೋಷಣೆಗಳಿಗೆ ಪಾರ್ಲಿಮೆಂಟಿನ ಶಾಸನದಷ್ಟೇ ಬಲವಿರತಕ್ಕದ್ದು ಎಂಬುದು ಅದರ ಸಾರಾಂಶ. ಕೆಲವು ಮಿತಿಗಳಿದ್ದರೂ ಜನಪ್ರತಿನಿಧಿಗಳು ತಮ್ಮ ಲೇಖಣಿಯನ್ನು ತಾವಾಗಿಯೇ ಅರಸನ ಕೈಗೆ ಕೊಟ್ಟಂತಾಯಿತು. ದೊರೆ 1547ರಲ್ಲಿ ತೀರಿಕೊಂಡ; ಅದೇ ವರ್ಷ ಆ ಶಾಸನವೂ ರದ್ದಾಯಿತು. ಆದರೆ ಹೆಸರು ಅಳಿಯಲಿಲ್ಲ. ಕಾಯಿದೆಯನ್ನೇ ನಿಯಮದ ಮೂಲಕ ತಿದ್ದುವ ಅಧಿಕಾರವನ್ನು ಸರಕಾರಕ್ಕೆ ಕೊಡುವ ಕಲಮಿಗೆ ಇಂದಿಗೂ ಕಾನೂನು ಪಂಡಿತರು ‘ಎಂಟನೆಯ ಹೆನ್ರಿಯ ಕಲಮು’ ಎಂದೇ ಕರೆಯುತ್ತಾರೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಮೊದಲು ದೊಡ್ಡದಾಗಿ ಎದ್ದದ್ದು ಈಶಾನ್ಯದ ಗುಡ್ಡಗಾಡಿನಿಂದ. 1869ರ ಒಂದು ಕಾಯಿದೆ ಗಾರೋ ಬೆಟ್ಟಗಳನ್ನು ಸಾಮಾನ್ಯ ನ್ಯಾಯಾಲಯಗಳ ವ್ಯಾಪ್ತಿಯಿಂದ ಬಿಡಿಸಿತು. ಬೇಕಾದರೆ ಅಕ್ಕಪಕ್ಕದ ಬೆಟ್ಟಗಳಿಗೂ ಇದೇ ವ್ಯವಸ್ಥೆಯನ್ನು ಅಧಿಸೂಚನೆಯೊಂದರಿಂದ ವಿಸ್ತರಿಸಬಹುದೆಂದು ಬಂಗಾಳದ ಲೆಫ್ಟೆನೆಂಟ್ ಗವರ್ನರಿಗೆ ಅಧಿಕಾರ ಕೊಟ್ಟಿತು. ಆತ ಹಾಗೆಯೇ ಖಾಸಿ ಮತ್ತು ಜಯಂತಿಯಾ ಬೆಟ್ಟಗಳಿಗೆ ವಿಸ್ತರಿಸಿದ. ಅಲ್ಲಿ ಕೊಲೆಯ ಆಪಾದನೆಯ ಮೇಲೆ ಶಿಕ್ಷೆಗೊಳಗಾದವರು ಕಲ್ಕತ್ತಾ ಹೈಕೋರ್ಟಿಗೆ ಹೋಗಲು ನೋಡಿದಾಗ ಬಾಗಿಲು ಮುಚ್ಚಿತ್ತು. ಮುಚ್ಚಿದ್ದು ಶಾಸನಸಭೆಯಲ್ಲ, ಒಂದು ಅಧಿಸೂಚನೆ. ಇದು ಸಿಂಧುವಲ್ಲವೆಂದು ಹೈಕೋರ್ಟಿನ ಬಹುಮತ ಹೇಳಿತು. ಆದರೆ 1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಆ ತೀರ್ಪನ್ನು ಮಗುಚಿಹಾಕಿ, ಅಧಿಕಾರವನ್ನು ಹೀಗೆ ಒಪ್ಪಿಸಿಕೊಡಬಹುದೆಂದು ಸಾರಿತು. ಅಂದಿನಿಂದ ಭಾರತದ ಕಾಯಿದೆಗಳಲ್ಲಿ ‘ಸರಕಾರ ನಿಯಮಗಳನ್ನು ರಚಿಸಬಹುದು’ ಎಂಬ ಕೊನೆಯ ಕಲಮು ಸುಲಭವಾಗಿ ಬೇರು ಬಿಟ್ಟಿತು.

ಈ ಬೇರಿಗೆ ಗೊಬ್ಬರವಾದದ್ದು ಯುದ್ಧ. 1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾದಾಗ ಭಾರತ ರಕ್ಷಣಾ ಕಾಯಿದೆ ಬಂತು. ಅದರ ಹಿಂದೆಯೇ ಭಾರತ ರಕ್ಷಣಾ ನಿಯಮಗಳು ಬಂದವು. ಸಭೆ ಕೂಡಬಹುದೇ, ಪತ್ರಿಕೆಯಲ್ಲಿ ಏನು ಅಚ್ಚು ಹಾಕಬಹುದು, ಯಾವ ಸರಕನ್ನು ಯಾವ ಬೆಲೆಗೆ ಮಾರಬಹುದು ಎಂಬೆಲ್ಲಕ್ಕೂ ನಿಯಮ. ಪಡಿತರದ ಅಂಗಡಿಯ ಮುಂದೆ ಸಾಲು ನಿಂತವರ ಬದುಕನ್ನು ನಡೆಸಿದ್ದೂ ಇಂಥ ಆಜ್ಞೆಗಳೇ. ಇವುಗಳಲ್ಲಿ 26ನೆಯ ನಿಯಮ ಜನರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಟ್ಟಿತ್ತು. 1942ರ ಚಳುವಳಿಯ ಕಾಲದಲ್ಲಿ ಎಷ್ಟೋ ದೇಶಭಕ್ತರು ಈ ನಿಯಮದ ಕೆಳಗೆ ಸೆರೆ ಸೇರಿದರು.

ಹಾಗೆ ಬಂಧನದಲ್ಲಿದ್ದ ಒಬ್ಬರ ಮೊಕದ್ದಮೆ ದೆಹಲಿಯ ಫೆಡರಲ್ ಕೋರ್ಟಿಗೆ ಹೋಯಿತು. ಅಲ್ಲಿ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ವಿಚಿತ್ರವೊಂದು ಬೆಳಕಿಗೆ ಬಂತು. ಯುಕ್ತವಾದ ಕಾರಣಗಳಿಂದ ಸಂಶಯಕ್ಕೆ ಗುರಿಯಾದವರನ್ನು ಬಂಧಿಸಲು ನಿಯಮ ಮಾಡಬಹುದೆಂದು ಕಾಯಿದೆ ಹೇಳಿತ್ತು. ನಿಯಮವಾದರೋ ಸರಕಾರಕ್ಕೆ ಮನವರಿಕೆಯಾದರೆ ಸಾಕು, ಬಂಧಿಸಬಹುದೆಂದಿತ್ತು. ಸಂಶಯಕ್ಕೆ ಯುಕ್ತವಾದ ಕಾರಣವಿರಬೇಕೆಂಬ ಕಟ್ಟು ಕಾಯಿದೆಯಿಂದ ನಿಯಮಕ್ಕೆ ಇಳಿಯುವ ದಾರಿಯಲ್ಲಿ ಎಲ್ಲೋ ಕಳಚಿಹೋಗಿತ್ತು. 1943ರ ಏಪ್ರಿಲ್ ತಿಂಗಳಿನಲ್ಲಿ ಮುಖ್ಯ ನ್ಯಾಯಾಧೀಶ ಸರ್ ಮಾರಿಸ್ ಗ್ವಯರ್ ಅವರ ನ್ಯಾಯಪೀಠ 26ನೆಯ ನಿಯಮ ಕಾಯಿದೆಯನ್ನು ಮೀರಿದೆ, ಆದ್ದರಿಂದ ಅಸಿಂಧುವೆಂದು ತೀರ್ಪಿತ್ತಿತು. ಸರಕಾರ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ, ಕಾಯಿದೆಯನ್ನೇ ಹಿಂದಿನ ತೇದಿಯಿಂದ ತಿದ್ದಿ, ನಿಯಮಕ್ಕೆ ಜೀವ ತುಂಬಿತು.

ಈ ಪ್ರಸಂಗವನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವುಂಟು. ನಿಯಮ ಜಾರಿಗೆ ಬಂದದ್ದು 1939ರಲ್ಲಿ. ತಪ್ಪು ಹೊರಬಿದ್ದದ್ದು 1943ರಲ್ಲಿ. ನಡುವೆ ಅದರ ಕೆಳಗೆ ಸೆರೆಯಲ್ಲಿದ್ದವರ ದಿನಗಳನ್ನು ಯಾರು ಹಿಂದಕ್ಕೆ ಕೊಟ್ಟಾರು? ನ್ಯಾಯಾಲಯ ತಾನಾಗಿ ಹೋಗಿ ನಿಯಮಗಳನ್ನು ಓದುವುದಿಲ್ಲ. ನೊಂದವನೊಬ್ಬ ಬಾಗಿಲು ತಟ್ಟಬೇಕು. ತಟ್ಟಲು ಹಣ ಬೇಕು, ವಕೀಲರು ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ನಿಯಮ ಹುಟ್ಟಿದ ಕೂಡಲೇ, ಯಾರಿಗೂ ನೋವು ತಗಲುವ ಮುನ್ನ, ಕಾಯಿದೆಯನ್ನೂ ನಿಯಮವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದುವವರು ಬೇಕಾಗಿತ್ತು. ಅಧಿಕಾರ ಕೊಟ್ಟ ಶಾಸನಸಭೆಯೇ ಆ ಓದನ್ನು ಮಾಡುವುದು ನ್ಯಾಯವಾಗಿತ್ತು.

ಈ ಯೋಚನೆ ಇಂಗ್ಲೆಂಡಿನಲ್ಲಿ ಅದಾಗಲೇ ಮೊಳೆತಿತ್ತು. 1929ರಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಧೀಶರಾಗಿದ್ದ ಲಾರ್ಡ್ ಹೆವರ್ಟ್ ಅವರು ‘ದಿ ನ್ಯೂ ಡೆಸ್ಪಾಟಿಸಂ’ ಎಂಬ ಪುಸ್ತಕವನ್ನು ಬರೆದು, ಪಾರ್ಲಿಮೆಂಟಿನ ಹೆಸರಿನಲ್ಲಿ ಇಲಾಖೆಗಳು ನಿರಂಕುಶವಾಗಿ ಆಳತೊಡಗಿವೆ ಎಂದು ಎಚ್ಚರಿಸಿದರು. ಹುದ್ದೆಯಲ್ಲಿರುವ ನ್ಯಾಯಾಧೀಶರೇ ಹೀಗೆ ಬರೆದರೆ ಸರಕಾರ ಸುಮ್ಮನಿರಲಾದೀತೆ? ಅದೇ ವರ್ಷ ಲಾರ್ಡ್ ಡಾನೊಮೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಸಮಿತಿಯ ವರದಿ 1932ರಲ್ಲಿ ಹೊರಬಂತು. ನಿಯಮ ರಚಿಸುವ ಅಧಿಕಾರ ಆಧುನಿಕ ಸರಕಾರಕ್ಕೆ ಬೇಕೇ ಬೇಕು. ಆದರೆ ಅದರ ಮೇಲೆ ಕಾವಲಿರಬೇಕು, ಅದಕ್ಕಾಗಿ ಪಾರ್ಲಿಮೆಂಟಿನ ಎರಡು ಸಭೆಗಳಲ್ಲೂ ಒಂದೊಂದು ಸ್ಥಾಯಿ ಸಮಿತಿ ಇರಬೇಕು ಎಂಬುದು ಅದರ ಸಲಹೆ. ಸಲಹೆ ಲಂಡನ್ನಿನಲ್ಲಿ ಕಪಾಟು ಸೇರಿತು. ದೂರದ ಆಸ್ಟ್ರೇಲಿಯ ಕಾಯಲಿಲ್ಲ. ಅಲ್ಲಿನ ಸೆನೆಟ್ ಸಭೆ 1932ರಲ್ಲಿಯೇ ನಿಯಮಗಳನ್ನೂ ಆಜ್ಞೆಗಳನ್ನೂ ಪರಿಶೀಲಿಸುವ ಸ್ಥಾಯಿ ಸಮಿತಿಯನ್ನು ರಚಿಸಿಕೊಂಡಿತು.

ಇಂಗ್ಲೆಂಡಿನ ಕಾಮನ್ಸ್ ಸಭೆ ಇಂಥ ಸಮಿತಿಯನ್ನು ನೇಮಿಸಿಕೊಂಡದ್ದು 1944ರಲ್ಲಿ, ಯುದ್ಧಕಾಲದ ಆಜ್ಞೆಗಳ ಪ್ರವಾಹದ ನಡುವೆ. ಅದೇ ವರ್ಷ ಒಂದು ತಮಾಷೆಯ ಸಂಗತಿ ಬಯಲಾಯಿತು. ಬಾಂಬುಗಳ ಮಳೆಯಲ್ಲಿ ಊರುಗಳನ್ನು ಕಾಪಾಡಲು 1941ರಲ್ಲಿ ರಾಷ್ಟ್ರೀಯ ಅಗ್ನಿಶಾಮಕ ದಳವನ್ನು ಕಟ್ಟಿದ್ದರು. ಅದರ ನಿಬಂಧನೆಗಳನ್ನು ಪಾರ್ಲಿಮೆಂಟಿನ ಮುಂದೆ ಇಡತಕ್ಕದ್ದೆಂದು ಕಾಯಿದೆ ಸ್ಪಷ್ಟವಾಗಿ ವಿಧಿಸಿತ್ತು. ಮೂರು ವರ್ಷ ಸಮೀಪಿಸಿದರೂ ಇಟ್ಟಿರಲಿಲ್ಲ. ಇಟ್ಟಿಲ್ಲವೆಂಬುದೂ ಯಾರ ಗಮನಕ್ಕೂ ಬಂದಿರಲಿಲ್ಲ! ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಅವರು ಸಭೆಯ ಕ್ಷಮೆ ಕೋರಬೇಕಾಯಿತು. ಆದ ತಪ್ಪನ್ನು ಮನ್ನಿಸಲು ಪ್ರತ್ಯೇಕವಾಗಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಕೇಳುವವರಿಲ್ಲದ ಕಡೆ ಒಳ್ಳೆಯ ಉದ್ದೇಶದ ಸರಕಾರವೂ ಮರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಸ್ವತಂತ್ರ ಭಾರತಕ್ಕೆ ಈ ಪಾಠ ಬೇಗನೆ ಮುಟ್ಟಿತು. ಸಂವಿಧಾನ ಜಾರಿಗೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ. 1950ರ ಏಪ್ರಿಲ್ ತಿಂಗಳಿನಲ್ಲಿ ಕಾನೂನು ಮಂತ್ರಿಗಳಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು ಪಾರ್ಲಿಮೆಂಟಿನಲ್ಲಿ ಮಾತನಾಡುತ್ತ, ಇಂಗ್ಲೆಂಡಿನ 1944ರ ಮಾದರಿಯಲ್ಲಿ ಇಲ್ಲಿಯೂ ಒಂದು ಸಮಿತಿ ಇರಬೇಕೆಂದು ಸೂಚಿಸಿದರು. ನಿಯಮಗಳು ಪಾರ್ಲಿಮೆಂಟಿನ ಉದ್ದೇಶವನ್ನು ಮೀರಿವೆಯೇ, ಅದರಿಂದ ದೂರ ಸರಿದಿವೆಯೇ, ಯಾವುದಾದರೂ ಮೂಲಭೂತ ತತ್ತ್ವಕ್ಕೆ ಧಕ್ಕೆ ತಂದಿವೆಯೇ ಎಂದು ನೋಡಿ ಸಭೆಗೆ ತಿಳಿಸುವುದು ಅದರ ಕೆಲಸವಾಗಬೇಕೆಂಬುದು ಅವರ ಅಭಿಪ್ರಾಯ. ಅವರೇ ಸರಕಾರದ ಮಂತ್ರಿ. ಕಾವಲು ಬೇಕೆಂದು ಕೇಳಿದ್ದು ತಮ್ಮ ಸರಕಾರದ ಮೇಲೆಯೇ ಎಂಬುದನ್ನು ನೀವು ಗಮನಿಸಬೇಕು.

ಮರುವರ್ಷ, 1951ರಲ್ಲಿ, ಸುಪ್ರೀಂ ಕೋರ್ಟಿನಿಂದ ಎರಡು ಮುಖ್ಯ ತೀರ್ಪುಗಳು ಬಂದವು. ಮೊದಲನೆಯದು ದೆಹಲಿ ಕಾನೂನುಗಳ ಪ್ರಕರಣ. ಶಾಸನಸಭೆ ತನ್ನ ಅಧಿಕಾರವನ್ನು ಎಲ್ಲಿಯವರೆಗೆ ಇನ್ನೊಬ್ಬರಿಗೆ ಒಪ್ಪಿಸಬಹುದೆಂದು ರಾಷ್ಟ್ರಪತಿಗಳೇ ನ್ಯಾಯಾಲಯವನ್ನು ಕೇಳಿದ್ದರು. ಏಳು ಮಂದಿ ನ್ಯಾಯಾಧೀಶರು ಕುಳಿತು ಏಳು ಬೇರೆ ಬೇರೆ ಅಭಿಪ್ರಾಯಗಳನ್ನು ಬರೆದರು; ಪ್ರಶ್ನೆ ಎಷ್ಟು ತೊಡಕಿನದೆಂದು ಇದರಿಂದಲೇ ತಿಳಿಯಬಹುದು. ಅವೆಲ್ಲದರ ನಡುವಿನಿಂದ ಹೊರಟ ತಿರುಳು ಇಷ್ಟು: ವಿವರಗಳನ್ನು ತುಂಬುವ ಕೆಲಸವನ್ನು ಒಪ್ಪಿಸಬಹುದು, ನೀತಿಯನ್ನು ನಿರ್ಧರಿಸುವ ಮೂಲ ಕೆಲಸವನ್ನು ಶಾಸನಸಭೆ ತಾನೇ ಮಾಡಬೇಕು.

ಎರಡನೆಯದು ಜಯಪುರದ ಅಫೀಮಿನ ಪ್ರಕರಣ. ಜಯಪುರ ಸಂಸ್ಥಾನದ ಮಂತ್ರಿಮಂಡಲ 1923ರ ಡಿಸೆಂಬರು 11ರಂದು ಒಂದು ಠರಾವು ಮಾಡಿ ‘ಜಯಪುರ ಅಫೀಮು ಕಾಯಿದೆ’ಯನ್ನು ರಚಿಸಿತ್ತು. ಆದರೆ ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಲಿಲ್ಲ. ಡಂಗುರ ಹೊಡೆಸಿ ಸಾರಲೂ ಇಲ್ಲ. ಕಾಗದ ಕಡತದಲ್ಲಿಯೇ ಉಳಿಯಿತು. ಕಾಲು ಶತಮಾನ ಉರುಳಿದ ಮೇಲೆ ಒಬ್ಬನಿಗೆ ಅದೇ ಕಾಯಿದೆಯ ಕೆಳಗೆ 50 ರೂಪಾಯಿ ದಂಡ ಬಿತ್ತು. ಮೊತ್ತ ಅಲ್ಪ, ಮೊಕದ್ದಮೆ ಮಾತ್ರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು ಬರೆದ ತೀರ್ಪು, ಜನಕ್ಕೆ ತಿಳಿಸದ ಕಾನೂನಿನಿಂದ ಜನರನ್ನು ದಂಡಿಸುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಹೇಳಿ, ಶಿಕ್ಷೆಯನ್ನು ತೆಗೆದುಹಾಕಿತು. ಕಾನೂನು ಗೊತ್ತಿರಲಿಲ್ಲವೆಂದು ಹೇಳಿ ಯಾರೂ ತಪ್ಪಿಸಿಕೊಳ್ಳಲಾಗದೆಂದು ನಾವೆಲ್ಲ ಕೇಳಿದ್ದೇವೆ. ಗೊತ್ತುಪಡಿಸುವುದು ಸರಕಾರದ ಕರ್ತವ್ಯವೆಂಬ ಇನ್ನೊಂದು ಮುಖವನ್ನು ಈ ತೀರ್ಪು ತೋರಿಸಿತು.

ಹೀಗೆ ನೆಲ ಹದವಾಗಿತ್ತು. 1953ರ ಡಿಸೆಂಬರು 1ರಂದು ಲೋಕಸಭೆಯ ಅಧೀನ ಶಾಸನ ಸಮಿತಿ ಮೊದಲ ಬಾರಿಗೆ ರಚನೆಯಾಯಿತು. ಆಗ ಸಭಾಧ್ಯಕ್ಷರಾಗಿದ್ದವರು ಜಿ. ವಿ. ಮಾವಳಂಕರ್ ಅವರು. ಸದಸ್ಯರನ್ನು ಸಭಾಧ್ಯಕ್ಷರೇ ನೇಮಿಸುತ್ತಾರೆ; ಸಂಖ್ಯೆ 15ನ್ನು ಮೀರುವುದಿಲ್ಲ; ಅವಧಿ ಒಂದು ವರ್ಷ. ಮಂತ್ರಿಗಳಾದವರು ಇದರ ಸದಸ್ಯರಾಗಕೂಡದು. ಲೆಕ್ಕ ಬರೆದವನೇ ಲೆಕ್ಕ ತಪಾಸಣೆ ಮಾಡಬಾರದಷ್ಟೆ! ವಿರೋಧ ಪಕ್ಷದವರೂ ಇದರ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದಾರೆ. ಇಲ್ಲಿ ಪಕ್ಷದ ಜಗಳಕ್ಕೆ ಎಡೆ ಕಡಿಮೆ. ಕಾಯಿದೆಯ ನೀತಿ ಒಳ್ಳೆಯದೋ ಕೆಟ್ಟದೋ ಎಂಬ ವಾದ ಸಭೆಯಲ್ಲಿ ಮುಗಿದಿರುತ್ತದೆ. ನಿಯಮ ಆ ಕಾಯಿದೆಗೆ ನಿಷ್ಠವಾಗಿದೆಯೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ರಾಜ್ಯಸಭೆಯೂ 1964ರಲ್ಲಿ ಇಂಥದೇ ಸಮಿತಿಯನ್ನು ಪಡೆಯಿತು.

ಸಮಿತಿ ನಿಯಮಗಳಿಗೆ ಹಾಕುವ ಪ್ರಶ್ನೆಗಳನ್ನು ಸಭೆಯ ಕಾರ್ಯವಿಧಾನದಲ್ಲಿ ಪಟ್ಟಿ ಮಾಡಿದ್ದಾರೆ. ಸರಳವಾಗಿ ಹೇಳುವುದಾದರೆ ಅವು ಇವು: ಈ ನಿಯಮ ಸಂವಿಧಾನದ ಮತ್ತು ಮೂಲ ಕಾಯಿದೆಯ ಉದ್ದೇಶಕ್ಕೆ ಹೊಂದಿದೆಯೇ? ಕಾಯಿದೆಯಲ್ಲಿಯೇ ಇರಬೇಕಾದ ದೊಡ್ಡ ವಿಷಯವನ್ನು ನಿಯಮದೊಳಗೆ ತುರುಕಿದ್ದಾರೆಯೇ? ತೆರಿಗೆ ಹೇರಿದೆಯೇ? ನ್ಯಾಯಾಲಯದ ಬಾಗಿಲನ್ನು ನೇರವಾಗಿಯೋ ಬಳಸುದಾರಿಯಿಂದಲೋ ಮುಚ್ಚಿದೆಯೇ? ಕಾಯಿದೆ ಅನುಮತಿ ಕೊಡದಿದ್ದರೂ ಹಿಂದಿನ ತೇದಿಯಿಂದ ಜಾರಿಗೆ ಬಂದಿದೆಯೇ? ಸಂಚಿತ ನಿಧಿಯಿಂದ ಖರ್ಚಿಗೆ ದಾರಿ ಮಾಡಿದೆಯೇ? ಕೊಟ್ಟ ಅಧಿಕಾರವನ್ನು ಯಾರೂ ನಿರೀಕ್ಷಿಸದ ರೀತಿಯಲ್ಲಿ ಬಳಸಿದೆಯೇ? ಪ್ರಕಟಿಸುವುದಕ್ಕೋ ಸಭೆಯ ಮುಂದೆ ಇಡುವುದಕ್ಕೋ ಸಕಾರಣವಿಲ್ಲದೆ ತಡವಾಗಿದೆಯೇ? ಬರೆದಿರುವ ಮಾತು ಅರ್ಥವಾಗುವಂತಿದೆಯೇ? ನಾವು ಈವರೆಗೆ ಕಂಡ ಕಥೆಗಳೆಲ್ಲ ಈ ಪಟ್ಟಿಯೊಳಗೆ ಬಂದು ಕುಳಿತಿವೆ. ಖಾಸಿ ಮತ್ತು ಜಯಂತಿಯಾ ಬೆಟ್ಟದವರ ಮುಚ್ಚಿದ ಬಾಗಿಲು, 26ನೆಯ ನಿಯಮದಲ್ಲಿ ಕಳಚಿದ ಕಟ್ಟು, ಮೇಜನ್ನೇರದ ಅಗ್ನಿಶಾಮಕ ನಿಬಂಧನೆಗಳು, ಜಯಪುರದ ಕಡತದಲ್ಲಿ ಮಲಗಿದ ಠರಾವು. ಒಂದೊಂದು ಪ್ರಶ್ನೆಯ ಹಿಂದೆಯೂ ಯಾರೋ ಪಟ್ಟ ಪಾಡು ಇದೆ.

ಕೆಲಸ ನಡೆಯುವ ಬಗೆ ಹೀಗಿದೆ. ಗೆಜೆಟ್ಟಿನಲ್ಲಿ ಪ್ರಕಟವಾದ ನಿಯಮವನ್ನು ಮಂತ್ರಿಗಳು ಸಭೆಯ ಮೇಜಿನ ಮೇಲೆ ಇಡುತ್ತಾರೆ. ಸಾಮಾನ್ಯವಾಗಿ 30 ದಿನ ಅದು ಸಭೆಯ ಮುಂದಿರಬೇಕು. ಆ ಅವಧಿ ಮುಗಿದು, ಅದರ ಮುಂದಿನ ಅಧಿವೇಶನ ಕೊನೆಗೊಳ್ಳುವುದರೊಳಗೆ ಎರಡು ಸಭೆಗಳೂ ಒಪ್ಪಿದರೆ ನಿಯಮವನ್ನು ತಿದ್ದಬಹುದು, ತೆಗೆದೇ ಹಾಕಬಹುದು. ಇತ್ತ ಸಮಿತಿಯ ಕಚೇರಿಯವರು ನಿಯಮವನ್ನು ಕಾಯಿದೆಯೊಡನೆ ಹೋಲಿಸಿ ಓದುತ್ತಾರೆ. ಸಂಶಯ ಬಂದರೆ ಇಲಾಖೆಗೆ ಕಾಗದ ಹೋಗುತ್ತದೆ. ಉತ್ತರ ಸಮರ್ಪಕವಾಗಿಲ್ಲದಿದ್ದರೆ ಅಧಿಕಾರಿಗಳನ್ನೇ ಕರೆಸಿ ಕೇಳುತ್ತಾರೆ. ಕೊನೆಗೆ ವರದಿ ಸಭೆಗೆ ಹೋಗುತ್ತದೆ. ಶಿಫಾರಸಿನ ಮೇಲೆ ಏನು ಮಾಡಿದಿರೆಂದು ಇಲಾಖೆಯನ್ನು ಮತ್ತೆ ಕೇಳುತ್ತಾರೆ. ಇದರಲ್ಲಿ ಗದ್ದಲವಿಲ್ಲ, ಸಭಾತ್ಯಾಗವಿಲ್ಲ. ಆದ್ದರಿಂದ ಪತ್ರಿಕೆಯ ಮೊದಲ ಪುಟದಲ್ಲಿ ನಿಮಗೆ ಈ ಸಮಿತಿಯ ಹೆಸರು ಕಾಣಿಸುವುದು ಅಪರೂಪ.

ಸದ್ದಿಲ್ಲದ ಈ ದುಡಿಮೆಯಿಂದ ಆದದ್ದೇನು? ಹಳೆಯ ಕಾಯಿದೆಗಳಲ್ಲಿ ಕೆಲವು ನಿಯಮಗಳನ್ನು ಸಭೆಯ ಮುಂದೆ ಇಡಬೇಕೆಂದಿದ್ದವು, ಹಲವು ಆ ಮಾತನ್ನೇ ಎತ್ತಿರಲಿಲ್ಲ. ಎಲ್ಲ ಕಾಯಿದೆಗಳಲ್ಲೂ ಒಂದೇ ಬಗೆಯ ಕಲಮು ಇರಬೇಕೆಂದು ಸಮಿತಿ ಮೊದಲಿನಿಂದಲೂ ಪಟ್ಟುಹಿಡಿಯಿತು. ಹೊಸ ಕಾಯಿದೆಗಳಲ್ಲಿ ಅದು ರೂಢಿಯಾಯಿತು. ಹಳೆಯ ಹಲವಾರು ಕಾಯಿದೆಗಳಿಗೆ ಅದನ್ನು ಸೇರಿಸಲು 1983ರಲ್ಲಿ ಪಾರ್ಲಿಮೆಂಟು ಒಂದು ತಿದ್ದುಪಡಿ ಕಾಯಿದೆಯನ್ನೇ ಮಾಡಿತು. ಮಾತು ಎತ್ತಿದ ಮೇಲೆ ಇಷ್ಟಾಗಲು ಮೂವತ್ತು ವರ್ಷ ಬೇಕಾಯಿತು ನೋಡಿ. ನಿಯಮದ ತಲೆಯಲ್ಲಿ ಅದು ಯಾವ ಕಾಯಿದೆಯ ಯಾವ ಕಲಮಿನ ಅಧಿಕಾರದಿಂದ ಬಂದಿದೆಯೆಂದು ಬರೆಯಬೇಕು. ಹಿಂದಿನ ತೇದಿಯಿಂದ ಜಾರಿಗೆ ತಂದರೆ ಅದರಿಂದ ಯಾರಿಗೂ ಬಾಧಕವಿಲ್ಲವೆಂದು ವಿವರಿಸಬೇಕು. ಕಾಯಿದೆ ಜಾರಿಗೆ ಬಂದ ಆರು ತಿಂಗಳೊಳಗೆ ನಿಯಮಗಳು ಸಿದ್ಧವಾಗಬೇಕು. ಇಂಥ ಶಿಸ್ತುಗಳನ್ನೆಲ್ಲ ಒಂದೊಂದಾಗಿ ಕಟ್ಟಿದ್ದು ಈ ಸಮಿತಿಗಳೇ.

ಹಾಗೆಂದು ಎಲ್ಲವೂ ಸರಿಯಾಗಿದೆಯೆಂದರೆ ಸುಳ್ಳಾದೀತು. ಸಮಿತಿ ಸಲಹೆ ಕೊಡಬಲ್ಲದು. ನಿಯಮವನ್ನು ತಾನೇ ಹೊಡೆದುಹಾಕಲಾರದು. ಸಭೆಯ ಮೇಜಿನ ಮೇಲೆ ಇಟ್ಟ ಕಾಗದವನ್ನು ಸದಸ್ಯರು ಓದದೆಯೇ 30 ದಿನಗಳು ಕಳೆದುಹೋಗಬಹುದು. ಮೇಜಿನ ಮೇಲೆ ಇಡಲೇ ಇಲ್ಲವೆಂದಿಟ್ಟುಕೊಳ್ಳಿ. ಅಷ್ಟರಿಂದಲೇ ಅಂಥ ಆದೇಶ ಬಿದ್ದುಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 1979ರಲ್ಲಿ ಕಬ್ಬಿಣ ಮತ್ತು ಉಕ್ಕಿನ ನಿಯಂತ್ರಣಾಜ್ಞೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಹೇಳಿತು. ಆರು ತಿಂಗಳ ಗಡುವೂ ಕಟ್ಟುನಿಟ್ಟಾಗಿ ನಡೆಯುವುದಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯಿದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2024ರ ಮಾರ್ಚಿನಲ್ಲಿ. ನಡುವಿನ ನಾಲ್ಕು ವರ್ಷ ಇಲಾಖೆ ಎರಡು ಸಭೆಗಳ ಸಮಿತಿಗಳಿಂದಲೂ ಮತ್ತೆ ಮತ್ತೆ ಕಾಲಾವಕಾಶ ಕೇಳುತ್ತಿತ್ತು. ಕಾಯಿದೆಯ ಪರವಿರಲಿ, ವಿರೋಧವಿರಲಿ, ಅದರ ಪರಿಣಾಮವನ್ನು ಎದುರುನೋಡುತ್ತಿದ್ದವರಿಗೆ ಆ ವರ್ಷಗಳು ಅನಿಶ್ಚಯದ ವರ್ಷಗಳು.

ಹಾಗಾದರೆ ಹಲ್ಲಿಲ್ಲದ ಈ ಕಾವಲಿನಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ನಮ್ಮ ಮೈಸೂರಿನದೇ ಒಂದು ಹಳೆಯ ನಿದರ್ಶನ ಕೊಡುತ್ತೇನೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಪ್ರತಿನಿಧಿಗಳು ದಸರೆಯ ಸಮಯದಲ್ಲಿ ಸೇರಿ ತಮ್ಮ ಊರುಗಳ ಕುಂದುಕೊರತೆಗಳನ್ನು ಸರಕಾರದ ಮುಂದೆ ಹೇಳಿಕೊಳ್ಳಬಹುದಾಗಿತ್ತು, ಅಷ್ಟೆ. ಆದರೂ ಎಲ್ಲರೆದುರು ಕೇಳಿದ ಪ್ರಶ್ನೆಗೆ ಎಲ್ಲರೆದುರು ಉತ್ತರ ಕೊಡಬೇಕಾದ ರೂಢಿ ಅಲ್ಲಿ ಬೇರೂರಿತು. ಅಧೀನ ಶಾಸನ ಸಮಿತಿಯ ಬಲವೂ ಇದೇ. ತಾನು ಬರೆದದ್ದನ್ನು ಮತ್ತೊಬ್ಬರು ಓದುತ್ತಾರೆ, ‘ಇದನ್ನು ಬರೆಯಲು ನಿಮಗೆ ಅಧಿಕಾರ ಎಲ್ಲಿಂದ ಬಂತು?’ ಎಂದು ಕೇಳುತ್ತಾರೆ ಎಂಬ ಅರಿವಿದ್ದರೆ ಕರಡು ಬರೆಯುವವನ ಲೇಖಣಿ ಒಂದು ಕ್ಷಣ ತಡೆಯುತ್ತದೆ. ಆ ಒಂದು ಕ್ಷಣದ ಬೆಲೆ ದೊಡ್ಡದು.

ಕರ್ನಾಟಕ ವಿಧಾನಮಂಡಲದಲ್ಲಿಯೂ ಅಧೀನ ಶಾಸನ ರಚನಾ ಸಮಿತಿ ಇದೆ. ನಮ್ಮ ಊರು, ಮನೆ, ನಿವೇಶನಗಳಿಗೆ ಸಂಬಂಧಿಸಿದ ನಿಯಮಗಳು ಹೆಚ್ಚಾಗಿ ರಾಜ್ಯದವೇ ಆದ್ದರಿಂದ ಈ ಸಮಿತಿ ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿನಲ್ಲಿ ಬಹುಮಹಡಿ ಕಟ್ಟಡವೊಂದರ ಬಗ್ಗೆ ಎದ್ದ ವಿವಾದ 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ನಗರದ ಯೋಜನೆಯನ್ನೂ ಅದರ ನಿಬಂಧನೆಗಳನ್ನೂ ಸರಿಯಾಗಿ ಪ್ರಕಟಿಸಿಲ್ಲ, ಆದ್ದರಿಂದ ಅವು ನಮ್ಮನ್ನು ಕಟ್ಟುವುದಿಲ್ಲವೆಂದು ಕಟ್ಟಡದ ಕಡೆಯವರು ವಾದಿಸಿದರು. ಅಧೀನ ಶಾಸನವನ್ನು ಜನರಿಗೆ ತಿಳಿಯುವಂತೆ ಪ್ರಕಟಿಸಲೇಬೇಕೆಂಬ ತತ್ತ್ವವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಜೊತೆಗೆ, ಯೋಜನೆ ನೋಡಲು ಲಭ್ಯವಿದೆಯೆಂದು ರಾಜ್ಯಪತ್ರದಲ್ಲಿ ತಿಳಿಸಿದ್ದರಿಂದ ಇಲ್ಲಿ ಆ ಕರ್ತವ್ಯ ನೆರವೇರಿದೆಯೆಂದೂ ಹೇಳಿತು. ಜಯಪುರದ ತೀರ್ಪು ಸರಕಾರಕ್ಕೆ ಪಾಠವಾದರೆ ಬೆಂಗಳೂರಿನದು ನಮಗೂ ಪಾಠ. ಪ್ರಕಟಿಸುವುದು ಅವರ ಹೊಣೆ. ಪ್ರಕಟವಾದ ಮೇಲೆ ಹೋಗಿ ನೋಡುವುದು ನಮ್ಮ ಹೊಣೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ಇನ್ನು ಮುಂದೆ ಯಾವುದಾದರೂ ಕಚೇರಿಯಲ್ಲಿ ‘ರೂಲ್ಸು ಹೀಗಿದೆ’ ಎಂಬ ಮಾತು ಕೇಳಿದರೆ ಜಗಳಕ್ಕೆ ನಿಲ್ಲಬೇಡಿ, ತಲೆತಗ್ಗಿಸಿ ಮರಳಿಯೂ ಬರಬೇಡಿ. ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿ: ಈ ನಿಯಮ ಯಾವ ಕಾಯಿದೆಯ ಯಾವ ಕಲಮಿನಿಂದ ಬಂದದ್ದು? ಗೆಜೆಟ್ಟಿನಲ್ಲಿ ಪ್ರಕಟವಾದದ್ದು ಯಾವಾಗ? ಶಾಸನಸಭೆಯ ಮುಂದೆ ಇಟ್ಟಿದ್ದಾರೆಯೇ? ಗೆಜೆಟ್ಟು ಈಗ ಅಂತರ್ಜಾಲದಲ್ಲಿಯೂ ದೊರೆಯುತ್ತದೆ. ಓದಲು ಬರುವ ಮಕ್ಕಳು ಮನೆಯಲ್ಲಿದ್ದರೆ ಹುಡುಕಿ ಕೊಟ್ಟಾರು. ನಿಯಮ ಕಾಯಿದೆಯನ್ನು ಮೀರಿದೆಯೆಂದು ತೋರಿದರೆ ನಿಮ್ಮ ಶಾಸಕರಿಗೋ ಸಂಸತ್ಸದಸ್ಯರಿಗೋ ಒಂದು ಕಾಗದ ಬರೆಯಿರಿ. ಹದಿನೈದು ಮಂದಿಯ ಸಮಿತಿ ಎಷ್ಟೆಂದು ಓದೀತು? ನಿಯಮದ ಬಿಸಿ ಮೊದಲು ತಟ್ಟುವುದು ನಿಮಗೆ. ಅದನ್ನು ಮೊದಲು ಓದುವವರೂ ನೀವೇ ಆಗಬೇಕು.